ಬುರುಡೆಯ ಕಾವು, ಗವಿಪುರದ ಬಿಸಿಲು

ಸಾಕು ಊಸರವಳ್ಳಿಗಳಿಗೆ ಆಗುವ ಸುಟ್ಟಗಾಯಗಳಲ್ಲಿ ಹೆಚ್ಚಿನವು ಅವುಗಳ ಒಳಿತಿಗೆಂದೇ ಗೂಡಿನ ಮೇಲೆ ತೂಗುಹಾಕಿದ ದೀಪದಿಂದ ಆಗುವಂಥವು. ಅಂಗಡಿಯವರೂ ಸಾಕುವವರೂ ‘ಹೀಟ್ ಲ್ಯಾಂಪ್’ ಎಂದು ಕರೆಯುವ, ಬೆಳಕಿಗಿಂತ ಕಾವನ್ನೇ ಮುಖ್ಯವಾಗಿ ಕೊಡುವ ಈ ಕಾವುದೀಪವು ಚಳಿದೇಶಗಳ ಮನೆಗಳಲ್ಲಿ ಇಲ್ಲದೆ ಆಗದ ಸಾಧನ. ಆದರೆ ಸಮುದ್ರಮಟ್ಟದಿಂದ ಸುಮಾರು 920 ಮೀಟರ್ ಎತ್ತರದಲ್ಲಿರುವ ಬೆಂಗಳೂರಿನಲ್ಲಿ, ಗವಿಪುರ, ಬಸವನಗುಡಿ, ಚಾಮರಾಜಪೇಟೆಗಳಂಥ ಹಳೆಯ ಬಡಾವಣೆಗಳ ಮನೆಯೊಂದರಲ್ಲಿ, ಅದೇ ದೀಪವನ್ನು ಅಷ್ಟೇ ಹತ್ತಿರದಲ್ಲಿ, ಅಷ್ಟೇ ಹೊತ್ತು ಉರಿಸಿದರೆ ಪ್ರಾಣಿಯ ಬೆನ್ನು ಬೇಯುತ್ತದೆ. ಊಸರವಳ್ಳಿ ಸಾಕುವ ವಿಧಾನವನ್ನು ಹೇಳುವ ಪುಸ್ತಕಗಳಲ್ಲಿ ಬಹುಪಾಲು ಯುರೋಪು ಮತ್ತು ಅಮೆರಿಕದ ಚಳಿಗಾಲವನ್ನು ಮನಸ್ಸಿನಲ್ಲಿಟ್ಟುಕೊಂಡು ಬರೆದವು ಎಂಬುದನ್ನು ಮರೆತಾಗಲೇ ಈ ತೊಂದರೆ ಮೊದಲಾಗುತ್ತದೆ.

ಇಲ್ಲಿ ಮಾತು ಯಾವ ಊಸರವಳ್ಳಿಯದು ಎಂಬುದನ್ನು ಮೊದಲು ಬಿಡಿಸಿಕೊಳ್ಳಬೇಕು. ಬೆಂಗಳೂರಿನ ಹಿತ್ತಲುಗಳ ಬೇಲಿಯ ಮೇಲೆ ತಲೆ ಆಡಿಸುತ್ತ ಕೂರುವ, ಕತ್ತು ಕೆಂಪಾಗುವ ಪ್ರಾಣಿ ಓತಿಕ್ಯಾತ. ಅದನ್ನು ಊಸರವಳ್ಳಿಯೆಂದು ಕರೆಯುವ ರೂಢಿ ಇದೆಯಾದರೂ ಅವೆರಡೂ ಬೇರೆ ಬೇರೆ ಕುಟುಂಬಕ್ಕೆ ಸೇರಿದವು. ಕಣ್ಣುಗಳನ್ನು ಒಂದೊಂದಾಗಿ ಬೇರೆ ಬೇರೆ ದಿಕ್ಕಿಗೆ ತಿರುಗಿಸಬಲ್ಲ, ಬಾಲವನ್ನು ಸುರುಳಿ ಸುತ್ತುವ, ಇಕ್ಕಳದಂಥ ಪಾದಗಳಿಂದ ಕೊಂಬೆಯನ್ನು ಹಿಡಿಯುವ ನಿಜವಾದ ಊಸರವಳ್ಳಿ, ಅಂದರೆ ಗೋಸುಂಬೆ, ಭಾರತದಲ್ಲಿ ಇರುವುದು ಒಂದೇ ಜಾತಿಯದು. ಕರ್ನಾಟಕದ ಕುರುಚಲು ಕಾಡುಗಳಲ್ಲಿಯೂ ಕಾಣಸಿಗುವ ಈ ದೇಶೀ ಜಾತಿಯು 1972ರ ವನ್ಯಜೀವಿ ಸಂರಕ್ಷಣಾ ಕಾಯ್ದೆಯ ರಕ್ಷಣೆಗೆ ಒಳಪಟ್ಟಿದ್ದು, ಅದನ್ನು ಹಿಡಿಯುವುದೂ ಮಾರುವುದೂ ಮನೆಯಲ್ಲಿ ಇಟ್ಟುಕೊಳ್ಳುವುದೂ ಅಪರಾಧ. ಮನೆಗಳಲ್ಲಿ ಸಾಕಲಾಗುವುದು ಯೆಮನ್ ದೇಶದ ಮುಸುಕು ಊಸರವಳ್ಳಿ, ಮಡಗಾಸ್ಕರದ ಪ್ಯಾಂಥರ್ ಊಸರವಳ್ಳಿ ಮುಂತಾದ ವಿದೇಶೀ ಜಾತಿಗಳು. ವನ್ಯಜೀವಿಗಳ ವ್ಯಾಪಾರವನ್ನು ನಿಯಂತ್ರಿಸುವ ‘ಸೈಟಿಸ್’ ಎಂಬ ಅಂತರರಾಷ್ಟ್ರೀಯ ಒಪ್ಪಂದದ ಎರಡನೆಯ ಅನುಬಂಧದಲ್ಲಿ ಇವೆರಡೂ ಸೇರಿವೆ; ಕಾಯ್ದೆಗೆ 2022ರಲ್ಲಿ ಆದ ತಿದ್ದುಪಡಿ ಮತ್ತು ಅದನ್ನು ಅನುಸರಿಸಿ 2024ರಲ್ಲಿ ಬಂದ ನಿಯಮಗಳ ಪ್ರಕಾರ ಇಂಥ ಪ್ರಾಣಿಯನ್ನು ಇಟ್ಟುಕೊಂಡವರು ‘ಪರಿವೇಶ್’ ಜಾಲತಾಣದ ಮೂಲಕ ಅದನ್ನು ನೋಂದಾಯಿಸಬೇಕು.

ಊಸರವಳ್ಳಿಯು ಶೀತರಕ್ತ ಪ್ರಾಣಿ. ಅದರ ರಕ್ತ ಸದಾ ತಣ್ಣಗಿರುತ್ತದೆ ಎಂದು ಇದರ ಅರ್ಥವಲ್ಲ. ಮೈಯ ಕಾವನ್ನು ಒಳಗಿನಿಂದ ಹುಟ್ಟಿಸಿಕೊಳ್ಳದೆ ಹೊರಗಿನಿಂದ ಪಡೆದುಕೊಳ್ಳುತ್ತದೆ, ಬಿಸಿಲಿಗೆ ಬಂದು ಬೆಚ್ಚಗಾಗಿ ನೆರಳಿಗೆ ಸರಿದು ತಣ್ಣಗಾಗುವ ಓಡಾಟದಿಂದಲೇ ಅದನ್ನು ಹದದಲ್ಲಿ ಇಟ್ಟುಕೊಳ್ಳುತ್ತದೆ ಎಂದಷ್ಟೇ ಅರ್ಥ. ಹಾಗಿದ್ದ ಮೇಲೆ ದೀಪದ ಕೆಳಗೆ ಬೆನ್ನು ಸುಡುತ್ತಿದ್ದರೂ ಅದು ಏಕೆ ಸರಿಯುವುದಿಲ್ಲ ಎಂಬ ಪ್ರಶ್ನೆ ಸಹಜವಾಗಿಯೇ ಏಳುತ್ತದೆ. ಸರೀಸೃಪಗಳಿಗೆ ಚರ್ಮದಲ್ಲಿ ನೋವು ತಿಳಿಯುವುದಿಲ್ಲ ಎಂಬ ಹಳೆಯ ಉತ್ತರ ತಪ್ಪು. ನೋವನ್ನೂ ಶಾಖವನ್ನೂ ಗ್ರಹಿಸುವ ನರತುದಿಗಳು ಅವುಗಳ ಚರ್ಮದಲ್ಲಿ ಇವೆ. ಆದರೆ ‘ಇನ್ನು ಸಾಕು, ನೆರಳಿಗೆ ಹೋಗು’ ಎಂಬ ಅಪ್ಪಣೆ ಮುಖ್ಯವಾಗಿ ಬರುವುದು ಮೈಯ ಒಳಭಾಗ ಬೆಚ್ಚಗಾದಾಗ; ಮೇಲಿನಿಂದ ಒಂದೇ ಕಡೆ ಬೀಳುವ ದೀಪದ ಕಾವು ಬೆನ್ನಿನ ಒಂದು ಸಣ್ಣ ಜಾಗವನ್ನು ಬೇಗ ಬೇಯಿಸುತ್ತದೆಯೇ ಹೊರತು ಹೊಟ್ಟೆಯ ಭಾಗಕ್ಕೆ ನಿಧಾನವಾಗಿ ತಲುಪುತ್ತದೆ. ಒಳಗೆ ಇನ್ನೂ ತಣ್ಣಗಿರುವ ಪ್ರಾಣಿ ಕಾಯುತ್ತ ಕೂರುತ್ತದೆ, ಚರ್ಮ ಅಷ್ಟರಲ್ಲಿ ಹಾಳಾಗಿರುತ್ತದೆ. ಅದು ವಿಕಾಸಗೊಂಡ ಕಾಡಿನಲ್ಲಿ ಮೇಲಿನಿಂದ ಬರುವ ಕಾವೆಂದರೆ ಸೂರ್ಯನದು ಮಾತ್ರವಾಗಿದ್ದು, ಒಂದು ಗೇಣು ದೂರದಲ್ಲಿ ತೂಗುವ ಸೂರ್ಯನನ್ನು ಎದುರಿಸುವ ಅಗತ್ಯ ಅದರ ಪೂರ್ವಜರಿಗೆ ಎಂದೂ ಬಂದಿರಲಿಲ್ಲ.

ಬಿಸಿಲಿಗೂ ಬುರುಡೆಗೂ ಕಾವಿನ ಗುಣದಲ್ಲಿಯೇ ವ್ಯತ್ಯಾಸ ಉಂಟು. ಕಣ್ಣಿಗೆ ಕಾಣದೆ ಶಾಖವನ್ನು ಹೊತ್ತು ತರುವ ಕಿರಣಗಳಿಗೆ ಅವಗೆಂಪು ಕಿರಣಗಳೆಂದು ಹೆಸರು. ಸೂರ್ಯನ ಅವಗೆಂಪು ಕಿರಣಗಳಲ್ಲಿ ನೀರು ಹೀರಿಕೊಳ್ಳುವಂಥ ಭಾಗವನ್ನು ವಾತಾವರಣದ ನೀರಾವಿಯು ಬಹುಮಟ್ಟಿಗೆ ತಡೆದಿಟ್ಟು ಉಳಿದುದನ್ನು ನೆಲಕ್ಕೆ ಬಿಡುವುದರಿಂದ, ಬಿಸಿಲು ಚರ್ಮವನ್ನು ದಾಟಿ ಸ್ವಲ್ಪ ಆಳಕ್ಕೆ ಇಳಿದು ಮಾಂಸವನ್ನು ಬೆಚ್ಚಗಾಗಿಸುತ್ತದೆ. ಬುರುಡೆಯ ಕಿರಣಗಳಿಗೆ ಅಂಥ ಜರಡಿ ಇಲ್ಲದ ಕಾರಣ ಅವುಗಳ ದೊಡ್ಡ ಪಾಲು ಚರ್ಮದ ಮೇಲ್ಪದರದ ನೀರಿನಲ್ಲಿಯೇ ನಿಂತು ಅದನ್ನು ಕಾಯಿಸುತ್ತದೆ. ಬೆಳಕನ್ನು ಕೊಡದೆ ಶಾಖವನ್ನಷ್ಟೇ ಹೊಮ್ಮಿಸುವ ಪಿಂಗಾಣಿ ಕಾವುಬುರುಡೆಯಲ್ಲಿ ಈ ದೋಷ ಇನ್ನೂ ಹೆಚ್ಚು. ಇದರ ಮೇಲೆ ಊಸರವಳ್ಳಿಯ ದೇಹರಚನೆಯೂ ಅದಕ್ಕೇ ಮುಳುವಾಗುತ್ತದೆ. ಎರಡೂ ಪಕ್ಕದಿಂದ ಒತ್ತಿದಂತಿರುವ ತೆಳು ಮೈಯಲ್ಲಿ ಬೆನ್ನಿನ ಏಣು ಎಲ್ಲಕ್ಕಿಂತ ಮೇಲಿರುತ್ತದೆ. ಮುಸುಕು ಊಸರವಳ್ಳಿಯಲ್ಲಂತೂ ನೆತ್ತಿಯ ಮೇಲೆ ಕಿರೀಟದಂತೆ ಎದ್ದುನಿಂತ ಮೂಳೆಯ ಏಣು ಇದ್ದು, ಅದು ಬೆನ್ನಿಗಿಂತಲೂ ದೀಪಕ್ಕೆ ಹತ್ತಿರವಾಗುತ್ತದೆ. ಅಲ್ಲಿ ಚರ್ಮದ ಕೆಳಗೆ ನೇರವಾಗಿ ಮೂಳೆಯೇ ಇರುವುದರಿಂದ ಸುಟ್ಟರೆ ಗಾಯ ಆಳಕ್ಕೆ ಇಳಿಯಲು ತಡವಾಗುವುದಿಲ್ಲ.

ಬಣ್ಣ ಬದಲಾಯಿಸುವ ಗುಣವೂ ಇಲ್ಲಿ ಸಂಬಂಧಪಡುತ್ತದೆ. ಜಿನೀವಾ ವಿಶ್ವವಿದ್ಯಾಲಯದ ವಿಜ್ಞಾನಿಗಳು 2015ರಲ್ಲಿ ಪ್ರಕಟಿಸಿದ ಅಧ್ಯಯನವು, ಪ್ಯಾಂಥರ್ ಊಸರವಳ್ಳಿಯ ಚರ್ಮದಲ್ಲಿ ಗ್ವಾನಿನ್ ಎಂಬ ವಸ್ತುವಿನ ಅತಿಸಣ್ಣ ಹರಳುಗಳು ತಮ್ಮ ನಡುವಣ ಅಂತರವನ್ನು ಹೆಚ್ಚುಕಡಿಮೆ ಮಾಡಿಕೊಂಡು ಬಣ್ಣವನ್ನು ಬದಲಿಸುತ್ತವೆ ಎಂಬುದನ್ನೂ, ಅದರ ಕೆಳಗಿನ ಇನ್ನೊಂದು ಪದರದ ದೊಡ್ಡ ಹರಳುಗಳು ಅವಗೆಂಪು ಕಿರಣಗಳನ್ನು ಹಿಂದಕ್ಕೆ ಕಳಿಸುತ್ತವೆ ಎಂಬುದನ್ನೂ ತೋರಿಸಿಕೊಟ್ಟಿತು. ಸಾಕುವವರ ಪಾಲಿಗೆ ಈ ಬಣ್ಣವೇ ಉಚಿತವಾಗಿ ಸಿಕ್ಕ ತಾಪಮಾಪಕ. ಬೆಳಗ್ಗೆ ಚಳಿ ಹಿಡಿದಾಗ ಪ್ರಾಣಿಯು ಕಾವನ್ನು ಹೀರಿಕೊಳ್ಳಲು ಮೈಯನ್ನು ಕಪ್ಪಾಗಿಸಿ, ಚಪ್ಪಟೆಯಾಗಿ, ದೀಪದತ್ತ ಒಂದು ಮಗ್ಗುಲನ್ನು ಒಡ್ಡುತ್ತದೆ. ಸಾಕಷ್ಟು ಬೆಚ್ಚಗಾದ ಮೇಲೆ ಬಣ್ಣ ತಿಳಿಯಾಗುತ್ತದೆ. ತೀರ ಬಿಳಚಿಕೊಂಡು ಬಾಯಿ ತೆರೆದುಕೊಂಡೇ ಕೂತಿದ್ದರೆ ಕಾವು ಮಿತಿ ಮೀರಿದೆಯೆಂದು ತಿಳಿದು ದೀಪವನ್ನು ಆರಿಸಬೇಕು. ಕಪ್ಪಾಗಿರುವ ಹೊತ್ತಿನಲ್ಲಿ ಚರ್ಮವು ಕಾವನ್ನು ಎಲ್ಲಕ್ಕಿಂತ ಹೆಚ್ಚಾಗಿ ಎಳೆದುಕೊಳ್ಳುತ್ತಿರುತ್ತದೆಯಾದ್ದರಿಂದ, ಸುಡುವ ಅಪಾಯವೂ ಮುಂಜಾನೆಯ ಮೊದಲ ಗಂಟೆಯಲ್ಲಿಯೇ ಹೆಚ್ಚು.

ತಡೆಯುವ ಮಾರ್ಗ ಎಷ್ಟು ವ್ಯಾಟಿನ ಬುರುಡೆ ಎಂಬುದರಲ್ಲಿ ಇಲ್ಲ, ಅದು ಎಷ್ಟು ದೂರದಲ್ಲಿದೆ ಮತ್ತು ಅಳತೆಯನ್ನು ಎಲ್ಲಿ ತೆಗೆಯಲಾಗಿದೆ ಎಂಬುದರಲ್ಲಿದೆ. ದೂರ ಅರ್ಧವಾದರೆ ಮೈಮೇಲೆ ಬೀಳುವ ಕಾವು ಸರಿಸುಮಾರು ನಾಲ್ಕು ಪಟ್ಟಾಗುತ್ತದೆ ಎಂಬುದು ಭೌತಶಾಸ್ತ್ರದ ಸರಳ ಲೆಕ್ಕ. ಮರಿಯಿದ್ದಾಗ ಕೂಡಿಸಿದ ದೀಪವನ್ನು ಪ್ರಾಣಿ ಬೆಳೆದು ಬೆನ್ನು ನಾಲ್ಕಾರು ಸೆಂಟಿಮೀಟರ್ ಮೇಲೇರಿದ ನಂತರವೂ ಸರಿಸದೆ ಬಿಡುವುದರಿಂದ ಆಗುವ ಗಾಯಗಳು ಈ ಲೆಕ್ಕದ ಫಲ. ದೀಪವು ಗೂಡಿನ ಒಳಗೆ ಎಂದೂ ಇರಬಾರದು. ಜಾಲರಿಯ ಹೊರಗೆ, ಪ್ರಾಣಿ ಕೂತಾಗ ಅದರ ಬೆನ್ನಿಗೂ ನೆತ್ತಿಗೂ 20ರಿಂದ 30 ಸೆಂಟಿಮೀಟರ್ ದೂರ ಉಳಿಯುವಂತೆ ಇರಬೇಕು. ದೀಪವನ್ನು ಜಾಲರಿಯ ಮೇಲೆಯೇ ಮಲಗಿಸುವ ಅಭ್ಯಾಸ ಇನ್ನೊಂದು ಬಗೆಯ ಗಾಯಕ್ಕೆ ದಾರಿ, ಏಕೆಂದರೆ ಊಸರವಳ್ಳಿಗಳು ಗೂಡಿನ ಸೂರಿನ ಜಾಲರಿಗೆ ತಲೆಕೆಳಗಾಗಿ ಜೋತು ನಡೆಯುತ್ತವೆ ಮತ್ತು ಕಾದ ತಂತಿಯಿಂದ ಅಂಗಾಲು, ಹೊಟ್ಟೆಗಳು ಸುಡುತ್ತವೆ. ತಾಪಮಾನವನ್ನು ಗೂಡಿನ ಗೋಡೆಗೆ ಅಂಟಿಸಿದ ಮುಳ್ಳಿನ ಮಾಪಕದಲ್ಲಿ ನೋಡಿ ಸಮಾಧಾನಪಡುವುದು ಅಡುಗೆಮನೆಯ ಬಿಸಿಯನ್ನು ನಡುಮನೆಯಲ್ಲಿ ಅಳೆದಂತೆ. ತಂತಿಯ ತುದಿಯಲ್ಲಿ ಸಂವೇದಕವಿರುವ ಡಿಜಿಟಲ್ ಮಾಪಕವನ್ನು ಕೊಂಬೆಗೆ ಅಲ್ಲ, ಕೊಂಬೆಯ ಮೇಲೆ ಪ್ರಾಣಿಯ ಬೆನ್ನು ಬರುವ ಎತ್ತರಕ್ಕೆ ಕಟ್ಟಿ, ದೀಪ ಹೊತ್ತಿಸಿ ಒಂದು ಗಂಟೆ ಕಳೆದ ಮೇಲೆ ಓದಬೇಕು. ಬೆಳೆದ ಮುಸುಕು ಊಸರವಳ್ಳಿಗೂ ಪ್ಯಾಂಥರ್ ಊಸರವಳ್ಳಿಗೂ ಅಲ್ಲಿ 29ರಿಂದ 32 ಡಿಗ್ರಿ ಸೆಲ್ಸಿಯಸ್ ಸಾಕು, ಮರಿಗಳಿಗೆ 29ನ್ನು ದಾಟದಿರುವುದು ಕ್ಷೇಮ. ಮಾಪಕ ಇಲ್ಲದಾಗ ಅದೇ ಎತ್ತರದಲ್ಲಿ ಅಂಗೈಯ ಹಿಂಬದಿಯನ್ನು ಒಂದೆರಡು ನಿಮಿಷ ಹಿಡಿದು, ಅದಕ್ಕೆ ಇರಸುಮುರಸಾದರೆ ದೀಪವನ್ನು ಮೇಲಕ್ಕೆತ್ತುವುದು ಒರಟಾದರೂ ಉಪಯುಕ್ತವಾದ ಪರೀಕ್ಷೆ.

ಈಗ ಈ ಅಂಕಿಗಳನ್ನು ಗವಿಪುರದ ಹವೆಯ ಪಕ್ಕದಲ್ಲಿ ಇಟ್ಟು ನೋಡಬೇಕು. ಏಪ್ರಿಲ್ ತಿಂಗಳಲ್ಲಿ ಬೆಂಗಳೂರಿನ ಹಗಲಿನ ಗರಿಷ್ಠ ಉಷ್ಣಾಂಶ ಸರಾಸರಿ 34 ಡಿಗ್ರಿಯ ಆಸುಪಾಸಿನಲ್ಲಿರುತ್ತದೆ, 2016ರ ಏಪ್ರಿಲ್ 24ರಂದು ಅದು 39.2ಕ್ಕೆ ಏರಿತ್ತು, ಎಂದರೆ ಬೇಸಗೆಯ ಮಧ್ಯಾಹ್ನ ದೀಪದ ಕೆಳಗೆ ಇರಬೇಕಾದ ಕಾವು ದೀಪವಿಲ್ಲದೆಯೇ ಮನೆಯ ವರಾಂಡದಲ್ಲಿ ಇರುತ್ತದೆ ಮತ್ತು ಆಗ ಸಾಕುವವರು ಯೋಚಿಸಬೇಕಾದದ್ದು ಗೂಡನ್ನು ಕಾಯಿಸುವುದನ್ನಲ್ಲ, ತಣಿಸುವುದನ್ನು. ಮಂಗಳೂರು ಹೆಂಚಿನ ಹಳೆಯ ಮನೆಯ ನಡುಮನೆಗೂ, ಅದನ್ನು ಕೆಡವಿ ಕಟ್ಟಿದ ಮೂರಂತಸ್ತಿನ ತಾರಸಿಯ ಕೆಳಗಿನ ಕೋಣೆಗೂ ಈ ವಿಷಯದಲ್ಲಿ ಅಜಗಜಾಂತರ. ಡಿಸೆಂಬರ್, ಜನವರಿಗಳ ರಾತ್ರಿ ಉಷ್ಣಾಂಶ ಸರಾಸರಿ 16 ಡಿಗ್ರಿಯಷ್ಟಕ್ಕೆ ಇಳಿಯುವುದಾದರೂ, ಯೆಮನ್ನಿನ ಎತ್ತರದ ಪ್ರದೇಶಗಳಿಂದ ಬಂದ ಪ್ರಾಣಿಗೆ ಅದು ಸಹ್ಯವಷ್ಟೇ ಅಲ್ಲ, ಹಗಲಿಗಿಂತ ರಾತ್ರಿ ತಣ್ಣಗಿರುವುದು ಅದರ ನಿದ್ದೆಗೂ ಆರೋಗ್ಯಕ್ಕೂ ಬೇಕಾದದ್ದು. ಈ ಊರಿನಲ್ಲಿ ರಾತ್ರಿ ಕಾವುದೀಪ ಉರಿಸುವುದು ಹೆಚ್ಚುಕಡಿಮೆ ಎಂದಿಗೂ ಅಗತ್ಯವಿಲ್ಲ. ‘ರಾತ್ರಿ ದೀಪ’ ಎಂದು ಮಾರುವ ಕೆಂಪು ಬುರುಡೆಗಳು ಪ್ರಾಣಿಯ ನಿದ್ದೆ ಕೆಡಿಸುವುದರ ಜೊತೆಗೆ, ಮನೆಯವರೆಲ್ಲ ಮಲಗಿರುವ ಹೊತ್ತಿನಲ್ಲಿ ಅದನ್ನು ಸುಡುವ ಅವಕಾಶವನ್ನೂ ತರುತ್ತವೆ. ಚಳಿಗಾಲದ ಬೆಳಗ್ಗೆ ಎರಡು ಮೂರು ಗಂಟೆ, ಜೂನ್‌ನಿಂದ ಆಗಸ್ಟ್‌ವರೆಗಿನ ಮೋಡದ ದಿನಗಳಲ್ಲಿ ಬೆಳಗ್ಗೆ ಅಷ್ಟೇ ಹೊತ್ತು, ಬೇಸಗೆಯಲ್ಲಿ ಇಲ್ಲವೇ ಇಲ್ಲ ಎಂಬುದು ಇಲ್ಲಿಗೆ ಒಪ್ಪುವ ಲೆಕ್ಕ. ಅದನ್ನು ಟೈಮರಿಗೆ ವಹಿಸಿಬಿಟ್ಟರೆ ಮರೆವಿಗೆ ಎಡೆ ಇರುವುದಿಲ್ಲ.

ದೀಪದ ಬದಲು ಬಿಸಿಲನ್ನೇ ಬಳಸುವವರು ಸೂರ್ಯನ ದಾರಿಯನ್ನು ತಿಳಿದಿರಬೇಕಾಗುತ್ತದೆ, ಮತ್ತು ಆ ಜ್ಞಾನಕ್ಕೆ ಗವಿಪುರದಲ್ಲಿ ಕೊರತೆಯಿಲ್ಲ. ಗವಿ ಗಂಗಾಧರೇಶ್ವರ ದೇವಾಲಯದಲ್ಲಿ ಮಕರ ಸಂಕ್ರಾಂತಿಯ ಸಂಜೆ ಇಳಿಬಿಸಿಲು ನಂದಿಯ ಕೊಂಬುಗಳ ನಡುವೆ ಹಾದು ಗುಹೆಯೊಳಗಿನ ಲಿಂಗವನ್ನು ಮುಟ್ಟುವುದನ್ನು ನೋಡಲು ಸೇರುವ ಜನರಿಗೆ, ಸೂರ್ಯನು ಒಂದೊಂದು ಋತುವಿನಲ್ಲಿ ಒಂದೊಂದು ಕೋನದಿಂದ ಬರುತ್ತಾನೆಂಬುದನ್ನು ಬಿಡಿಸಿ ಹೇಳಬೇಕಾಗಿಲ್ಲ. ಜನವರಿಯಲ್ಲಿ ನೈಋತ್ಯದಿಂದ ಓರೆಯಾಗಿ ಬರುವ ಸಂಜೆಬಿಸಿಲಿಗೆ ಹಿತವಾಗಿದ್ದ ಬಾಲ್ಕನಿಯ ಮೂಲೆ, ಏಪ್ರಿಲ್‌ನಲ್ಲಿ ಬೇರೆಯೇ ಆಗಿರುತ್ತದೆ. ಏಪ್ರಿಲ್ 24ರ ಹೊತ್ತಿಗೂ ಆಗಸ್ಟ್ 18ರ ಹೊತ್ತಿಗೂ ಬೆಂಗಳೂರಿನಲ್ಲಿ ನಡುಹಗಲಿನ ಸೂರ್ಯ ನೇರ ನೆತ್ತಿಯ ಮೇಲೆ ನಿಲ್ಲುವುದರಿಂದ, ನೆಟ್ಟಗೆ ನಿಂತ ಕಂಬಕ್ಕೆ ನೆರಳೇ ಇಲ್ಲದಂತಾಗುವ ಶೂನ್ಯ ನೆರಳಿನ ದಿನಗಳು ಬರುತ್ತವೆ ಮತ್ತು ಗೂಡಿನೊಳಗೆ ಒಂದು ಎಲೆಯ ಮರೆಯಾದರೂ ಇಲ್ಲದಿದ್ದರೆ ಪ್ರಾಣಿಗೆ ಅಡಗಲು ಜಾಗ ಉಳಿಯುವುದಿಲ್ಲ. ಬೆಳಗಿನ ಎಳೆಬಿಸಿಲಿಗೆ, ಅರ್ಧದಷ್ಟಾದರೂ ದಾಸವಾಳದ ಸೊಪ್ಪಿನ ನೆರಳಿರುವ ಜಾಲರಿಯ ಗೂಡನ್ನು ಹೊರಗಿಟ್ಟರೆ, ಎಲುಬು ಗಟ್ಟಿಯಾಗಲು ಬೇಕಾದ ಡಿ ಜೀವಸತ್ವವನ್ನು ಹುಟ್ಟಿಸುವ ಯುವಿ-ಬಿ ನೇರಳಾತೀತ ಕಿರಣವೂ ಕಾವಿನ ಜೊತೆಗೆ ಸಿಗುತ್ತದೆ. ಗಾಜಿನ ತೊಟ್ಟಿಯನ್ನು ಮಾತ್ರ ಬಿಸಿಲಿಗೆ ಇಡಬಾರದು, ಅದು ಕೆಲವೇ ನಿಮಿಷಗಳಲ್ಲಿ ಒಲೆಯಾಗುತ್ತದೆ.

ಬುರುಡೆಯ ಆಯ್ಕೆಯಲ್ಲಿಯೂ ಊರಿನ ಪರಿಸ್ಥಿತಿ ಕೈಯಾಡಿಸಿದೆ. 2015ರಲ್ಲಿ ಆರಂಭವಾದ ಉಜಾಲಾ ಯೋಜನೆಯು ಕರ್ನಾಟಕದಲ್ಲಿ ‘ಹೊಸ ಬೆಳಕು’ ಎಂಬ ಹೆಸರಿನಲ್ಲಿ ಮನೆಮನೆಗೆ ಎಲ್‌ಇಡಿ ದೀಪಗಳನ್ನು ತಲುಪಿಸಿದ ಮೇಲೆ, ಊಸರವಳ್ಳಿಗೆ ಸಾಕಾಗುವಂಥ 40 ಅಥವಾ 60 ವ್ಯಾಟಿನ ಹಳೆಯ ತಂತಿಬುರುಡೆಗಳು ಬೀದಿಯಂಗಡಿಗಳಿಂದ ಮರೆಯಾಗುತ್ತ ಬಂದಿವೆ. ಎಲ್‌ಇಡಿ ಬೆಳಕು ಕೊಡುತ್ತದೆಯೇ ಹೊರತು ಕಾಯಿಸುವುದಿಲ್ಲವಾದ್ದರಿಂದ ಸಾಕುವವರು ಎಸ್.ಪಿ. ರಸ್ತೆಯ ಅಂಗಡಿಗಳಲ್ಲಿ ಸಿಗುವ ಹ್ಯಾಲೋಜನ್‌ಗೋ, ಕೋಳಿಮರಿಗಳನ್ನು ಬೆಚ್ಚಗಿಡುವ 250 ವ್ಯಾಟಿನ ಬ್ರೂಡರ್ ದೀಪಕ್ಕೋ ಕೈಹಾಕುತ್ತಾರೆ. ಇಡೀ ಮರಿಗಳ ಹಿಂಡಿಗೆ ಮಾಡಿದ ದೀಪವನ್ನು ನೂರು ಗ್ರಾಮಿನ ಪ್ರಾಣಿಯೊಂದಕ್ಕೆ ಹಿಡಿಯುವುದು ಅವಿವೇಕ. ಮನೆಗೆ ಬರುವ ವಿದ್ಯುತ್ತಿನ ಒತ್ತಡ 230 ವೋಲ್ಟಿನ ಬದಲು 250ಕ್ಕೆ ಏರಿದರೆ ತಂತಿಬುರುಡೆ ಎಳೆದುಕೊಳ್ಳುವ ಶಕ್ತಿ ಸುಮಾರು ಏಳನೆಯ ಒಂದು ಪಾಲಿನಷ್ಟು ಹೆಚ್ಚುತ್ತದೆ ಎಂಬುದೂ ನೆನಪಿನಲ್ಲಿರಬೇಕು; ನಿಗದಿಯಾದ ತಾಪಕ್ಕೆ ದೀಪವನ್ನು ತಗ್ಗಿಸುವ ಥರ್ಮೋಸ್ಟಾಟ್ ಒಂದನ್ನು ನಡುವೆ ಜೋಡಿಸಿದರೆ ಈ ಏರಿಳಿತ ಪ್ರಾಣಿಯ ಬೆನ್ನನ್ನು ತಲುಪುವುದಿಲ್ಲ.

ಇಷ್ಟಾದರೂ ಸುಟ್ಟಾಗ, ಗಾಯ ಅಂದೇ ಕಣ್ಣಿಗೆ ಬೀಳದಿರುವುದು ಈ ಪ್ರಾಣಿಯ ವಿಚಿತ್ರ. ಮೊದಲಿಗೆ ಬೆನ್ನೇಣಿನ ಮೇಲೋ ನೆತ್ತಿಯ ತುದಿಯಲ್ಲೋ ಸುತ್ತಲಿನ ಬಣ್ಣಕ್ಕೆ ಹೊಂದದ, ಬಣ್ಣ ಬದಲಿಸದೆ ಉಳಿದುಬಿಡುವ ಒಂದು ಬಿಳಚು ಮಚ್ಚೆ ಕಾಣುತ್ತದೆ, ಅದನ್ನು ಪೊರೆ ಕಳಚುವ ಮುನ್ಸೂಚನೆಯೆಂದು ತಪ್ಪು ತಿಳಿಯುವುದು ಸುಲಭ. ಕೆಲವು ದಿನಗಳಲ್ಲಿ ಅದು ಕಂದಾಗಿ, ಕಪ್ಪಾಗಿ, ಹಕ್ಕಳೆಗಟ್ಟುತ್ತದೆ. ನೀರು ತುಂಬಿದ ಬೊಬ್ಬೆಗಳು ಎದ್ದಿದ್ದರೆ ಗಾಯ ಚರ್ಮದ ಎರಡನೆಯ ಪದರಕ್ಕೆ ಇಳಿದಿದೆ, ಚರ್ಮ ಒಣ ತೊಗಲಿನಂತೆ ಬಿರುಸಾಗಿ ಮುಟ್ಟಿದರೂ ಪ್ರಾಣಿ ಪ್ರತಿಕ್ರಿಯಿಸದಿದ್ದರೆ ಪೂರ್ತಿ ಆಳಕ್ಕೆ ಹೋಗಿದೆ ಎಂದು ಅರ್ಥ. ಪೊರೆಯಾದರೆ ಮೈತುಂಬ ಬಿಳಿಚುತ್ತದೆ, ದೀಪಕ್ಕೆ ಎದುರಾದ ಕಡೆ ಮಾತ್ರವಲ್ಲ.

ಸುಟ್ಟದ್ದು ಆಗಲೇ ತಿಳಿದರೆ ಮೊದಲು ದೀಪವನ್ನು ಆರಿಸಿ, ಗಾಯದ ಮೇಲೆ ತಣ್ಣೀರಿನಲ್ಲಿ ಅದ್ದಿದ ಶುಭ್ರವಾದ ಬಟ್ಟೆಯನ್ನು ಹತ್ತು ಹದಿನೈದು ನಿಮಿಷ ಬದಲಿಸುತ್ತ ಇಡಬೇಕು. ಮಡಕೆಯ ನೀರಿನಷ್ಟು ತಂಪು ಸಾಕು. ಮಂಜುಗಡ್ಡೆ ಇಟ್ಟರೆ ರಕ್ತನಾಳಗಳು ಕುಗ್ಗಿ, ಬದುಕಿ ಉಳಿಯಬಹುದಾಗಿದ್ದ ಚರ್ಮವೂ ಸಾಯುತ್ತದೆ, ಜೊತೆಗೆ ಅಷ್ಟು ಸಣ್ಣ ಪ್ರಾಣಿಯ ಇಡೀ ಮೈ ತಣ್ಣಗಾಗಿಬಿಡುತ್ತದೆ. ಮನೆಯಲ್ಲಿ ಮನುಷ್ಯರ ಸುಟ್ಟಗಾಯಕ್ಕೆ ಬಳಿಯುವ ತುಪ್ಪ, ದೋಸೆಹಿಟ್ಟು, ಅರಿಶಿನ, ಶಾಯಿ, ಟೂತ್‌ಪೇಸ್ಟ್‌ಗಳಲ್ಲಿ ಯಾವುದನ್ನೂ ಇಲ್ಲಿ ಮುಟ್ಟಿಸಬಾರದು. ಜಿಡ್ಡು ಕಾವನ್ನು ಒಳಗೇ ಹಿಡಿದಿಡುತ್ತದೆ, ಹಿಟ್ಟು ಸೂಕ್ಷ್ಮಾಣುಗಳಿಗೆ ಔತಣವಾಗುತ್ತದೆ, ಅರಿಶಿನದ ಬಣ್ಣವು ವೈದ್ಯರಿಗೆ ಗಾಯದ ನಿಜಬಣ್ಣ ಕಾಣದಂತೆ ಮಾಡುತ್ತದೆ. ಬೊಬ್ಬೆಗಳನ್ನು ಒಡೆಯಬಾರದು. ಆಮೇಲೆ ಬಟ್ಟೆ ಹಾಸಿದ, ತೂತುಗಳಿರುವ ರಟ್ಟಿನ ಪೆಟ್ಟಿಗೆಯಲ್ಲಿ ಒಂದು ಕೊಂಬೆ ಇಟ್ಟು ಪ್ರಾಣಿಯನ್ನು ಒಯ್ಯಬೇಕು. ಬಡಾವಣೆಯ ಪಶುವೈದ್ಯರಲ್ಲಿ ಬಹುಮಂದಿಯ ಅನುಭವ ನಾಯಿಬೆಕ್ಕುಗಳದಾದ್ದರಿಂದ ಸರೀಸೃಪಗಳನ್ನು ನೋಡುವವರು ಯಾರೆಂದು ಮೊದಲೇ ವಿಚಾರಿಸಿಟ್ಟುಕೊಳ್ಳುವುದು ಲೇಸು. ಹೆಬ್ಬಾಳದ ಪಶುವೈದ್ಯಕೀಯ ಕಾಲೇಜಿನಲ್ಲಿಯೂ ಕೇಳಿ ತಿಳಿಯಬಹುದು. ಗಾಯಗೊಂಡದ್ದು ಹಿತ್ತಲಿಗೆ ಬಂದ ದೇಶೀ ಊಸರವಳ್ಳಿಯಾಗಿದ್ದರೆ ಮನೆಯಲ್ಲಿ ಇಟ್ಟುಕೊಂಡು ಆರೈಕೆ ಮಾಡದೆ ಅರಣ್ಯ ಇಲಾಖೆಗೋ, ಕೆಂಗೇರಿಯ ಬಳಿಯ ಪೀಪಲ್ ಫಾರ್ ಅನಿಮಲ್ಸ್ ವನ್ಯಜೀವಿ ಆಸ್ಪತ್ರೆಗೋ ತಿಳಿಸಬೇಕು.

ವೈದ್ಯರ ಚಿಕಿತ್ಸೆಯಲ್ಲಿ ಮುಲಾಮಿಗಿಂತ ಮೊದಲು ಬರುವುದು ನೀರು. ಚರ್ಮವೆಂಬ ತಡೆ ಹೋದ ಜಾಗದಿಂದ ದೇಹದ ದ್ರವ ಸೋರುತ್ತಲೇ ಇರುವುದರಿಂದ ಅದನ್ನು ತುಂಬಿಕೊಡಬೇಕಾಗುತ್ತದೆ. ದಿನಕ್ಕೆ ಕಿಲೋಗ್ರಾಮಿಗೆ 10ರಿಂದ 20 ಮಿಲಿಲೀಟರ್ ಎಂಬ ಸಾಮಾನ್ಯ ಪ್ರಮಾಣವು ನೂರು ಗ್ರಾಮಿನ ಊಸರವಳ್ಳಿಗೆ ಒಂದೆರಡು ಮಿಲಿಲೀಟರ್ ಆಗುತ್ತದೆ ಎಂಬುದರಿಂದ, ಈ ಕೆಲಸ ಎಷ್ಟು ನಾಜೂಕಿನದೆಂದು ಊಹಿಸಬಹುದು. ಗಾಯವನ್ನು ನೀರು ಬೆರೆಸಿ ತೆಳ್ಳಗಿನ ಚಹಾದ ಬಣ್ಣಕ್ಕೆ ತಂದ ಪೊವಿಡೋನ್ ಅಯೋಡಿನ್‌ನಿಂದಲೋ ದುರ್ಬಲಗೊಳಿಸಿದ ಕ್ಲೋರ್‌ಹೆಕ್ಸಿಡಿನ್‌ನಿಂದಲೋ ತೊಳೆದು, ಸತ್ತ ಚರ್ಮವನ್ನು ತೆಗೆದು, ಶೇಕಡ 1ರ ಸಿಲ್ವರ್ ಸಲ್ಫಾಡಯಾಜಿನ್ ಎಂಬ ಬಿಳಿಯ ಮುಲಾಮನ್ನು ತೆಳುವಾಗಿ ಸವರುತ್ತಾರೆ. ನೋವಿಗೆ ಕೊಡುವ ಔಷಧಗಳಲ್ಲಿ ಮೆಲಾಕ್ಸಿಕ್ಯಾಮ್ ಒಂದು. ರಣಹದ್ದುಗಳನ್ನು ಕೊಲ್ಲುತ್ತಿದ್ದ ಡೈಕ್ಲೋಫೆನಾಕ್‌ಅನ್ನು 2006ರಲ್ಲಿ ಭಾರತದ ಪಶುವೈದ್ಯಕೀಯದಿಂದ ತೆಗೆದಾಗ ಅದರ ಜಾಗಕ್ಕೆ ಸೂಚಿಸಲಾದ ಔಷಧವೂ ಇದೇ. ಇದನ್ನು ಸಹ ದೇಹದಲ್ಲಿ ನೀರು ಕಡಿಮೆಯಾಗಿರುವಾಗ ಕೊಟ್ಟರೆ ಮೂತ್ರಪಿಂಡಕ್ಕೆ ಪೆಟ್ಟಾಗುವುದರಿಂದ, ಮನೆಯ ಔಷಧದ ಡಬ್ಬಿಯಿಂದ ಚೂರು ಮಾತ್ರೆ ಮುರಿದು ಕೊಡುವ ಸಾಹಸ ಬೇಡ. ಗಾಯ ಆಳವಾಗಿದ್ದರೆ ಕೀವು ಹಿಡಿಸುವ ಸೂಕ್ಷ್ಮಾಣುಗಳ ವಿರುದ್ಧ ಚುಚ್ಚುಮದ್ದಿನ ಪ್ರತಿಜೀವಕವೂ ಬೇಕಾಗುತ್ತದೆ.

ಪ್ರಾಣಿ ಮನೆಗೆ ಮರಳಿದ ಮೇಲೆ, ಮತ್ತೆ ಸುಟ್ಟೀತೆಂದು ಹೆದರಿ ದೀಪವನ್ನು ಪೂರ್ತಿ ತೆಗೆದುಬಿಡುವುದೂ ತಪ್ಪಾಗುತ್ತದೆ. ಮೈ ಬೆಚ್ಚಗಿದ್ದಾಗ ಮಾತ್ರ ಶೀತರಕ್ತ ಪ್ರಾಣಿಯ ರೋಗನಿರೋಧಕ ಶಕ್ತಿಯೂ ಜೀರ್ಣವೂ ಕೆಲಸ ಮಾಡುತ್ತವೆ, ಔಷಧವೂ ನಿರೀಕ್ಷಿಸಿದಂತೆ ಹರಡುತ್ತದೆ. ಆದ್ದರಿಂದ ಕಾವನ್ನು ಒಂದೆರಡು ಡಿಗ್ರಿ ತಗ್ಗಿಸಿ, ಒಂದೇ ಕಡೆ ಕೇಂದ್ರೀಕರಿಸುವ ಬುರುಡೆಯ ಬದಲು ಅಗಲಕ್ಕೆ ಹರಡುವ ದೀಪವನ್ನು ಇನ್ನಷ್ಟು ದೂರದಲ್ಲಿ ಇಟ್ಟು, ಮುಲಾಮು ಸವರಿದ ಒಂದೆರಡು ಗಂಟೆ ಅದನ್ನು ಹೊತ್ತಿಸದಿರುವುದು ಸರಿಯಾದ ಕ್ರಮ. ದಿನಕ್ಕೆ ಹಲವು ಬಾರಿ ಕೈಯಲ್ಲಿ ಹಿಡಿದು ಗಾಯವನ್ನು ನೋಡುವ ಕಾಳಜಿ ಪ್ರಾಣಿಯನ್ನು ಕಂಗೆಡಿಸುತ್ತದೆ. ವಾರಕ್ಕೊಮ್ಮೆ ಒಂದೇ ಬೆಳಕಿನಲ್ಲಿ ತೆಗೆದ ಛಾಯಾಚಿತ್ರ ವೈದ್ಯರಿಗೂ ಹೆಚ್ಚು ಉಪಯೋಗಿ. ಮೇಲ್ಪದರದ ಗಾಯ ಒಂದೆರಡು ಪೊರೆಗಳ ಜೊತೆ ಕಳಚಿಹೋಗುತ್ತದೆ, ಆಳದ್ದು ವಾಸಿಯಾಗಲು ತಿಂಗಳುಗಳು ಬೇಕು. ಸುಟ್ಟುಹೋದ ಬೆನ್ನೇಣಿನ ಮುಳ್ಳುಗಳು ಮತ್ತೆ ಬೆಳೆಯುವುದಿಲ್ಲ, ಕಲೆಯ ಚರ್ಮದಲ್ಲಿ ಬಣ್ಣದ ಆಟವೂ ಮರಳುವುದಿಲ್ಲ. ಮುಂದಿನ ಪ್ರತಿ ಪೊರೆಯೂ ಆ ಜಾಗದಲ್ಲಿ ಸಿಕ್ಕಿಕೊಳ್ಳುವುದರಿಂದ, ಪೊರೆ ಬಿಡುವ ದಿನಗಳಲ್ಲಿ ಅಲ್ಲಿಗೆ ನೀರನ್ನು ಮಂಜಿನಂತೆ ಚಿಮುಕಿಸಿ, ಕೀಳದೆ, ತಾನಾಗಿ ಬಿಡುವವರೆಗೆ ಕಾಯಬೇಕಾಗುತ್ತದೆ.